ಇಂಟೇಕ್ ಮ್ಯಾನಿಫೋಲ್ಡ್‌ಗೆ ಕೈ ಹಾಕುವ ಮುಂಚೆ

ಕೇಳುಗರಿಗೆ ನಮಸ್ಕಾರ. ಹಳೇ ಮಾರುತಿ 800 ಇನ್ನೂ ಇಟ್ಟುಕೊಂಡಿದ್ದೀರಾ? ಅದೂ ಕಾರ್ಬುರೇಟರ್ ಇರುವ ಗಾಡಿಯೇ? ಹಾಗಾದರೆ ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಜೋಡಿಸುವ ಇವತ್ತಿನ ಮಾತು ನಿಮಗೇ. 1983ರ ಕೊನೆಯಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. 796 ಸಿಸಿಯ ಈ ಪುಟ್ಟ ಎಂಜಿನ್ ಮನೆಯಲ್ಲೇ ರಿಪೇರಿ ಕಲಿಯಲು ಒಳ್ಳೆಯದು.

ಕಾರ್ಬುರೇಟರಿನಿಂದ ಬರುವ ಗಾಳಿ, ಪೆಟ್ರೋಲನ್ನು ಮೂರು ಸಿಲಿಂಡರಿಗೂ ಹಂಚುವ ಅಲ್ಯೂಮಿನಿಯಂ ಭಾಗವೇ ಇಂಟೇಕ್ ಮ್ಯಾನಿಫೋಲ್ಡ್. ಅದು ಎಂಜಿನ್ನಿಗೆ ಕೂಡುವ ಸಂದನ್ನು ಮುಚ್ಚುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಹಾಳಾದರೆ ಬೇಡದ ಗಾಳಿ ಒಳಗೆ ನುಗ್ಗುತ್ತದೆ. ಐಡ್ಲಿಂಗ್, ಅಂದರೆ ಗಾಡಿ ನಿಂತಿರುವಾಗಿನ ಎಂಜಿನ್ ಓಟ, ಏರುಪೇರಾಗುತ್ತದೆ, ಕೆಲವೊಮ್ಮೆ ಸುಯ್ ಎಂಬ ಸದ್ದೂ ಬರುತ್ತದೆ. ಆದರೆ ಸುಮ್ನೆ ಅನುಮಾನದ ಮೇಲೆ ಬಿಚ್ಚಬೇಡಿ. ಬಿರುಕು ಬಿಟ್ಟ ಒಂದು ವ್ಯಾಕ್ಯೂಮ್ ಪೈಪ್ ಕೂಡ ಇದೇ ಆಟ ಆಡಿಸುತ್ತದೆ. ಎಂಜಿನ್ ಓಡುತ್ತಿರುವಾಗ ಜೋಡಣೆಯ ಅಂಚಿಗೆ ಸ್ವಲ್ಪ ಸೋಪಿನ ನೀರು ಸಿಂಪಡಿಸಿ. ಸದ್ದು ಬದಲಾಯಿತೋ, ಸೋರಿಕೆ ಅಲ್ಲೇ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಈ ಮ್ಯಾನಿಫೋಲ್ಡ್ ಒಳಗೆ ಎಂಜಿನ್ ತಂಪಾಗಿಸುವ ದ್ರವ, ಅಂದರೆ ಕೂಲೆಂಟ್, ಕೂಡ ಹರಿಯುತ್ತದೆ, ಆದ್ದರಿಂದ ಮೊದಲು ಅದನ್ನು ಇಳಿಸಿಕೊಳ್ಳಿ. ಬಕೆಟ್ ತೆರೆದಿಟ್ಟು ಹೋಗಬೇಡಿ. ಕೂಲೆಂಟಿನ ರುಚಿ ಸಿಹಿ, ನಾಯಿ ನೆಕ್ಕಿದರೆ ಪ್ರಾಣಕ್ಕೇ ಕುತ್ತು. ಪೆಟ್ರೋಲ್ ಪೈಪ್ ಎಳೆದಾಗ ನಾಲ್ಕು ಹನಿ ಬಿದ್ದೇ ಬೀಳುತ್ತದೆ. ಹತ್ತಿರ ಬೀಡಿ, ಸಿಗರೇಟು ಬೇಡ.

ಪೈಪು, ಕೇಬಲ್ ಒಂದೊಂದನ್ನೂ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದು, ಟೇಪ್ ಸುತ್ತಿ ನಂಬರ್ ಬರೆಯಿರಿ. ನಾಳೆ ಜೋಡಿಸುವಾಗ ಎಲ್ಲ ಕಪ್ಪು ಪೈಪೂ ಒಂದೇ ಥರ ಕಾಣುತ್ತವೆ, ಅಲ್ವಾ?

ಇನ್ನು ನಟ್‌ಗಳು. ಅವು ವರ್ಷಗಟ್ಟಲೆ ಬಿಸಿ ತಿಂದು ಕೂತಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಿಚ್ಚುವಾಗ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ನಟ್ ಕೂರುವ ಬೋಲ್ಟ್, ಅಂದರೆ ಸ್ಟಡ್, ತುಂಡಾದರೆ ಒಂದು ಗಂಟೆಯ ಕೆಲಸ ಒಂದು ವಾರಕ್ಕೆ ಹೋಗುತ್ತದೆ. ಎರಡೂ ತುದಿಯಿಂದ ನಡುವಿಗೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ. ಮ್ಯಾನಿಫೋಲ್ಡ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಬೇಡಿ, ಅಲ್ಯೂಮಿನಿಯಂಗೆ ಗೀರು ಬಿದ್ದರೆ ಹೊಸ ಗ್ಯಾಸ್ಕೆಟ್ಟೂ ಸೋರುತ್ತದೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಅದು ಕಳಚಿದ ಕೂಡಲೇ ಎಂಜಿನ್ನಿನ ತೂತುಗಳಿಗೆ ಶುಭ್ರವಾದ ಬಟ್ಟೆ ತುರುಕಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ದೊಡ್ಡ ಅಪಾಯ ಇಲ್ಲೇ. ಒಂದು ವಾಷರ್ ಒಳಗೆ ಜಾರಿದರೆ ಹೆಡ್ಡನ್ನೇ, ಅಂದರೆ ಎಂಜಿನ್ನಿನ ಮೇಲ್ಭಾಗವನ್ನೇ, ಇಳಿಸಬೇಕಾದೀತು. ಹಳೇ ಗ್ಯಾಸ್ಕೆಟ್ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ.

ಹೊಸ ಗ್ಯಾಸ್ಕೆಟ್ಟಿನೊಂದಿಗೆ ಜೋಡಿಸುವಾಗ ನಡುವಿನಿಂದ ತುದಿಗೆ, ಮ್ಯಾನ್ಯುಯಲ್ ಹೇಳುವಷ್ಟೇ ಬಿಗಿ. ಜಾಸ್ತಿ ಬೇಡ. ಬಟ್ಟೆ ತೆಗೆದಿರಾ, ಇನ್ನೊಮ್ಮೆ ನೋಡಿಕೊಳ್ಳಿ. ಕೂಲೆಂಟ್ ತುಂಬಿ, ಎಂಜಿನ್ ಬಿಸಿಯಾಗಿ ಮತ್ತೆ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆರೆಯಿರಿ. ಒಳಗಿದ್ದ ಗಾಳಿ ಹೋಗಿ ಮಟ್ಟ ಇಳಿದಿರುತ್ತದೆ, ಕಡಿಮೆ ಆದಷ್ಟು ಹಾಕಿ.

ನಮಸ್ಕಾರ.