ಟ್ರಂಕಿನೊಳಗಿನ ವಿಮಾನ ಯಾವುದು?

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಮಡಿಕೇರಿವರೆಗೆ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಕೊಡಗಿನಲ್ಲಿ ವಿಮಾನದ ಮಾತು ಹೊಸದಲ್ಲ. ಮಿಸ್ಟೇರ್ ಯುದ್ಧವಿಮಾನ ಅಂದರೆ ಸಾಕು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ನೆನಪಾಗುತ್ತದೆ. 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಹೋಗಿದ್ದು ಅದೇ ವಿಮಾನದಲ್ಲಿ. ಸೇನೆಗೆ ಹೋದವರ ಟ್ರಂಕುಗಳು ಇಲ್ಲಿ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಅದರೊಳಗೆ ಎರಡನೇ ಮಹಾಯುದ್ಧದ ಕಾಲದ ಫೋಟೋಗಳೂ ಇರುತ್ತವೆ. ಕೆಲವನ್ನು ನೋಡಿದರೆ ಇದು ದೋಣಿಯಾ, ವಿಮಾನವಾ ಅಂತ ಗೊತ್ತಾಗುವುದಿಲ್ಲ. ಅಂಥವನ್ನು ಗುರುತಿಸುವುದು ಹೇಗೆ?

ವಿಚಿತ್ರವಾಗಿ ಕಂಡ ಭಾಗವನ್ನೇ ಮೊದಲು ಹಿಡಿಯಿರಿ. ಇದು ಯಾಕೆ ಹೀಗಿದೆ ಅಂತ ಕೇಳಿ. ಸುಮ್ನೆ ಯಾರೂ ವಿಮಾನವನ್ನು ಹಾಗೆ ಕಟ್ಟುವುದಿಲ್ಲ.

ಪರದೆ ಮೇಲಿನ ಈ ಫೋಟೋ ನೋಡಿ. ದಕ್ಷಿಣ ಕೊಡಗಿನ ಒಂದು ಮನೆಯ ಆಲ್ಬಮ್‌ನದು. ಅಂಚಿಗೆಲ್ಲ ಬೂಷ್ಟು ಹಿಡಿದಿದೆ. ಮುಂದೆ ನಿಂತ ಯುವಕರು ವಿಮಾನದ ಮೂತಿಯನ್ನೇ ಮರೆ ಮಾಡಿದ್ದಾರೆ. ಬಾಲ ಫೋಟೋದಲ್ಲೇ ಇಲ್ಲ. ಪರವಾಗಿಲ್ಲ, ರೆಕ್ಕೆ ನೋಡೋಣ. ಅದು ಮೈಗೆ ಅಂಟಿಕೊಂಡಿಲ್ಲ. ಮೈ ಮೇಲೆ ಗಿಡ್ಡ ಕಂಬದಂಥದ್ದು ಎದ್ದಿದೆ, ರೆಕ್ಕೆ ಅದರ ಮೇಲೆ ಕೂತಿದೆ. ಎರಡು ಎಂಜಿನ್. ಯಾಕೆ ಅಷ್ಟು ಎತ್ತರ? ನೀರಿನ ಮೇಲೆ ಓಡುವಾಗ ಸಿಡಿಯುವ ನೀರು ಪ್ರೊಪೆಲ್ಲರಿಗೆ ಬಡಿದರೆ ಅದು ಹಾಳಾಗುತ್ತದೆ, ಅದಕ್ಕೆ.

ಈಗ ಹೊಟ್ಟೆಯ ಅಡಿ ನೋಡಿ. ಅಲ್ಲೊಂದು ಮೆಟ್ಟಿಲು ಕಾಣುತ್ತದಲ್ವಾ? ತಳ ಒಂದೇ ಸಮ ನುಣ್ಣಗಿದ್ದರೆ ನೀರು ಅದನ್ನು ಹಿಡಿದು ಎಳೆಯುತ್ತದೆ, ಮೇಲೇಳಲು ಬಿಡುವುದಿಲ್ಲ. ಮೆಟ್ಟಿಲಿನ ಹತ್ತಿರ ಗಾಳಿ ನುಗ್ಗಿ ಆ ಹಿಡಿತ ಬಿಡಿಸುತ್ತದೆ. ಹೊಟ್ಟೆಯಲ್ಲೇ ಈ ಮೆಟ್ಟಿಲು ಇದ್ದರೆ ಅದು ಫ್ಲೈಯಿಂಗ್ ಬೋಟ್, ಅಂದರೆ ದೋಣಿಯಂಥ ಮೈಯಿಂದ ನೀರಿನಲ್ಲೇ ಇಳಿದು ಏಳುವ ವಿಮಾನ.

ರೆಕ್ಕೆಯ ಹಿಂದೆ, ಪಕ್ಕಕ್ಕೆ, ಗಾಜಿನ ಉಬ್ಬು ಇದೆ. ಅಲ್ಲಿ ಕೂತು ಗಂಟೆಗಟ್ಟಲೆ ಸಮುದ್ರ ಕಾಯುತ್ತಿದ್ದರು. ಇಷ್ಟು ಸಿಕ್ಕಿದರೆ ಅನುಮಾನವೇ ಬೇಡ, ಅಮೆರಿಕದ ಕ್ಯಾಟಲಿನಾ. ಮೊದಲು ಹಾರಿದ್ದು 1935ರಲ್ಲಿ. ನೀರಿನಲ್ಲಿ ವಾಲದಂತೆ ರೆಕ್ಕೆಯಡಿ ಇಳಿಬಿದ್ದ ಫ್ಲೋಟ್‌ಗಳು, ಅಂದರೆ ತೇಲುಬುರುಡೆಗಳು, ಹಾರುವಾಗ ಮಡಚಿ ರೆಕ್ಕೆಯ ತುದಿಯೇ ಆಗಿಬಿಡುತ್ತವೆ. ಎಂಥ ಚೆಂದದ ಯೋಚನೆ! ಈ ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ‘ಮದ್ರಾಸ್’ ಅಂತಿದೆ. ಅದೂ ಸರಿಹೊಂದುತ್ತದೆ. ಆಗ ಮದ್ರಾಸಿನ ರೆಡ್ ಹಿಲ್ಸ್ ಕೆರೆಯಲ್ಲಿ ಕ್ಯಾಟಲಿನಾಗಳು ಇದ್ದವು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಅವುಗಳ ರಿಪೇರಿಯೂ ನಡೆಯುತ್ತಿತ್ತು. 1942ರ ಏಪ್ರಿಲ್ 4ರಂದು ಸಿಲೋನಿನ ಕೊಗ್ಗಲದಿಂದ ಹಾರಿದ ಕೆನಡಾದ ಲಿಯೊನಾರ್ಡ್ ಬರ್ಚಲ್ ಜಪಾನಿನ ಹಡಗುಪಡೆಯನ್ನು ಕಂಡು ರೇಡಿಯೋದಲ್ಲಿ ಸುದ್ದಿ ಮುಟ್ಟಿಸಿದ್ದೂ ಕ್ಯಾಟಲಿನಾದಿಂದಲೇ. ಶತ್ರುಗಳು ಅದನ್ನು ಹೊಡೆದುರುಳಿಸಿದರು. ಬರ್ಚಲ್ ಸೆರೆಯಾದರು.

ನಾಲ್ಕು ಎಂಜಿನ್, ಆಳವಾದ ಎರಡಂತಸ್ತಿನ ಮೈ, ಹೆಗಲ ಮೇಲೇ ರೆಕ್ಕೆ ಇದ್ದರೆ ಬ್ರಿಟಿಷರ ಸಂಡರ್‌ಲ್ಯಾಂಡ್ ಇರಬಹುದು. ಜರ್ಮನಿಯ ಡಾರ್ನಿಯರ್ 24 ಮಾತ್ರ ಕ್ಯಾಟಲಿನಾದ ಹಾಗೆ ಕಂಡು ಮೋಸ ಮಾಡುತ್ತದೆ. ಅದರಲ್ಲೂ ರೆಕ್ಕೆ ಮೈಯಿಂದ ಮೇಲಿದೆ. ಎಂಜಿನ್ ಎಣಿಸಿ, ಮೂರು ಸಿಗುತ್ತವೆ. ರೆಕ್ಕೆಯಡಿ ಫ್ಲೋಟ್ ಇರುವುದಿಲ್ಲ. ನೀರಿನಲ್ಲಿ ವಾಲದಂತೆ ಮೈಯ ಎರಡೂ ಬದಿಗೆ ಮೋಟು ರೆಕ್ಕೆಗಳಿರುತ್ತವೆ.

ನೆಲದಿಂದ ಹಾರುವ ವಿಮಾನವೊಂದರ ಬಗ್ಗೆಯೂ ಹೇಳಲೇಬೇಕು. 1938ರಲ್ಲಿ ಹಾರಿದ ಜರ್ಮನಿಯ ಬ್ಲೋಮ್ ಉಂಡ್ ಫಾಸ್ 141. ಎಂಜಿನ್ ಮತ್ತು ಬಾಲ ಒಂದು ಕಡೆ, ಜನ ಕೂರುವ ಗಾಜಿನ ಗೂಡು ಬಲಗಡೆ ಬೇರೆಯೇ. ನಂತರದ ಮಾದರಿಯಲ್ಲಿ ಬಾಲದ ಅಡ್ಡ ರೆಕ್ಕೆಯೂ ಹೆಚ್ಚುಕಡಿಮೆ ಒಂದೇ ಪಕ್ಕಕ್ಕಿದೆ. ಫೋಟೋ ಹರಿದಿದೆ ಅಂತ ಎಸೆದುಬಿಡಬೇಡಿ! ಅದು ಬೇಹಿನ ವಿಮಾನ. ನೆಲ ನೋಡಲು ಎದುರಿಗೆ ಎಂಜಿನ್ ಅಡ್ಡ ಬರಬಾರದಿತ್ತು. ಬಾಲ ಒಂದು ಕಡೆ ಕತ್ತರಿಸಿದ್ದು ಹಿಂದೆ ಕೂತ ಬಂದೂಕಿನವನಿಗೆ ದಾರಿ ತೆರವಾಗಲಿ ಅಂತ. ನನಗೆ ಇದು ಕುರೂಪ ಅನ್ನಿಸುವುದೇ ಇಲ್ಲ.

ಎಲ್ಲವೂ ಗೆದ್ದವು ಅಂತಲ್ಲ. ಇಟಲಿಯ ಕಾಪ್ರೋನಿ 60ಕ್ಕೆ ಒಂಬತ್ತು ರೆಕ್ಕೆ, ಎಂಟು ಎಂಜಿನ್. 1921ರಲ್ಲಿ ಮಾಜೋರೆ ಸರೋವರದಲ್ಲಿ ಸ್ವಲ್ಪ ಮೇಲೆದ್ದು ನೀರಿಗೆ ಬಿದ್ದು ಒಡೆಯಿತು.

ಆಲ್ಬಮ್ ತಂದವರಿಗೆ ಒಂದು ಮಾತು. ಅಂಟಿಸಿದ ಫೋಟೋವನ್ನು ಕೀಳಬೇಡಿ, ಹಿಂದಿನ ಬರಹ ಹರಿದುಹೋಗುತ್ತದೆ. ಬಿಡಿ ಫೋಟೋ ಆದರೆ ಮೊಬೈಲಿನಲ್ಲಿ ಎರಡೂ ಬದಿ ತೆಗೆದುಕೊಳ್ಳಿ. ಅದರಲ್ಲಿ ನಿಂತಿರುವ ಅಜ್ಜ ಯಾವ ಊರಿನಲ್ಲಿ ಕೆಲಸದಲ್ಲಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಸರಿ, ಲೈಟ್ ಹಾಕಿಸೋಣ. ಯಾರ ಆಲ್ಬಮ್ ಮೊದಲು?