ಡೆಸ್ಕ್‌ಟಾಪ್‌ನ ಗಡಿಯಾರ ಹಿಂದೆ ಬೀಳತೊಡಗಿದರೆ

ಈಗ ನೀವು ನೋಡುತ್ತಿರುವುದು ಸಾಗರದ ನಮ್ಮ ಮನೆಯಲ್ಲಿ ಅಪ್ಪ ಅಡಿಕೆಯ ಲೆಕ್ಕ ಬರೆದಿಡುವ ಡೆಸ್ಕ್‌ಟಾಪ್. ಬ್ಯಾಂಕಿನ ಜಾಲತಾಣ ತೆರೆಯುತ್ತಿಲ್ಲವೆಂದು ಕಳೆದ ವಾರ ಅವರು ನನ್ನನ್ನು ಕರೆದರು. ಇಂಟರ್‌ನೆಟ್ ಸರಿಯಾಗಿಯೇ ಇತ್ತು. ಆದರೆ ಪರದೆಯ ಮೂಲೆಯಲ್ಲಿ 2015ರ ಜನವರಿ 1 ಎಂದಿತ್ತು. ಜಾಲತಾಣ ಅಸಲಿಯೆಂದು ಬ್ರೌಸರಿಗೆ ತೋರಿಸುವ ಭದ್ರತಾ ಪ್ರಮಾಣಪತ್ರ ಯಾವ ದಿನದಿಂದ ಯಾವ ದಿನದವರೆಗೆ ನಡೆಯುತ್ತದೆ ಎಂಬುದು ನಿಗದಿಯಾಗಿರುವುದರಿಂದ, ಇಷ್ಟು ಹಳೆಯ ದಿನಾಂಕ ಹೊತ್ತ ಕಂಪ್ಯೂಟರಿಗೆ ಅದು ಇನ್ನೂ ಜಾರಿಗೇ ಬಂದಿಲ್ಲವೆಂದು ಕಾಣುತ್ತದೆ ಮತ್ತು ಬ್ರೌಸರ್ ಆ ಜಾಲತಾಣವನ್ನು ತಡೆಯುತ್ತದೆ. ದಿನಾಂಕ ಹೀಗೆ ಹಿಂದೆ ಬೀಳಲು ಕಾರಣ ಒಳಗಿನ ಒಂದು ಸಣ್ಣ ಬ್ಯಾಟರಿ.

ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿನ ಮೇಲೆ ನಾಣ್ಯದಂತೆ ಹೊಳೆಯುತ್ತಿರುವ ಇದು ಸಿಆರ್ 2032 ಬ್ಯಾಟರಿ. ಹೆಸರಿನಲ್ಲೇ ಅಳತೆಯಿದೆ: ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸಣ್ಣ ಹರಳಿನ ಗಡಿಯಾರವನ್ನು ವಿದ್ಯುತ್ ಇಲ್ಲದಾಗ ನಡೆಸುವುದು ಇದರ ಮುಖ್ಯ ಕೆಲಸ. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಹಾಕಿದ್ದರೆ ಗಡಿಯಾರಕ್ಕೆ ಅಲ್ಲಿಂದಲೇ ವಿದ್ಯುತ್ ಸಿಗುತ್ತದೆ, ಬ್ಯಾಟರಿ ಹೆಚ್ಚು ಸವೆಯುವುದಿಲ್ಲ. ಮಲೆನಾಡಿನಲ್ಲಿ ಸಿಡಿಲಿಗೆ ಹೆದರಿ ಪ್ಲಗ್ಗನ್ನೇ ಕಿತ್ತಿಡುವ ನಮ್ಮಂಥ ಮನೆಗಳಲ್ಲಿ ಮಾತ್ರ ರಾತ್ರಿಯ ಭಾರವೆಲ್ಲ ಇದರ ಮೇಲೆಯೇ ಬೀಳುತ್ತದೆ. ಸಿಡಿಲಿನ ದಿನಗಳಲ್ಲಿ ಪ್ಲಗ್ ಕೀಳುವುದನ್ನು ನಾನಂತೂ ಬಿಡಿಸಲಾರೆ. ಬ್ಯಾಟರಿ ಬೇಗ ಬದಲಿಸಿದರಾಯಿತು.

ದಿನಾಂಕ ಪೂರ್ತಿ ಅಳಿಸಿಹೋಗುವ ಮೊದಲೇ ಸುಳಿವು ಸಿಗುತ್ತದೆ: ಬೆಳಿಗ್ಗೆ ಗಡಿಯಾರ ಕೆಲವು ನಿಮಿಷ ಹಿಂದಿರುತ್ತದೆ. ಆದರೆ ಇಂಟರ್‌ನೆಟ್ ಸಿಕ್ಕ ಮೇಲೆ ವಿಂಡೋಸ್ ಇಂಥ ಸಣ್ಣ ವ್ಯತ್ಯಾಸವನ್ನು ತಾನೇ ತಿದ್ದಿಕೊಂಡುಬಿಡುವುದರಿಂದ ಆ ಸುಳಿವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ರಾತ್ರಿ ಪ್ಲಗ್ ತೆಗೆದಿಟ್ಟು, ಬೆಳಿಗ್ಗೆ ಇಂಟರ್‌ನೆಟ್ ಕೊಡದೆ ಆನ್ ಮಾಡಿ, ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನ ಸ್ವಂತ ಸೆಟ್ಟಿಂಗುಗಳ ಪರದೆಯಲ್ಲಿ, ಇರುವ ಸಮಯವನ್ನು ಫೋನಿನ ಸಮಯದೊಂದಿಗೆ ಹೋಲಿಸಬೇಕು. ಹಳೆಯ ಬೋರ್ಡುಗಳಲ್ಲಿ ಉಳಿಸಿದ್ದ ಸೆಟ್ಟಿಂಗುಗಳು ಕೆಟ್ಟಿವೆ ಎಂಬರ್ಥದ ಚೆಕ್‌ಸಮ್ ದೋಷವೆಂದು ತೋರಿಸಿ ಎಫ್1 ಒತ್ತಲು ಕೇಳುವುದೂ ಇದೆ. ಹೊಸ ಬೋರ್ಡುಗಳಲ್ಲಿ ಸೆಟ್ಟಿಂಗುಗಳು ಸಾಮಾನ್ಯವಾಗಿ ವಿದ್ಯುತ್ ಇಲ್ಲದೆಯೂ ನೆನಪಿಡುವ ಫ್ಲಾಶ್ ಚಿಪ್ಪಿನಲ್ಲಿ ಉಳಿಯುವುದರಿಂದ ಗಡಿಯಾರವೊಂದೇ ಕೆಟ್ಟಂತೆ ಕಾಣಬಹುದು.

ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನಲ್ಲಿ ಹೊಸ ಬ್ಯಾಟರಿ 3 ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ, 2.8ಕ್ಕಿಂತ ಕೆಳಗಿಳಿದದ್ದನ್ನು ನಾನು ಉಳಿಸಿಕೊಳ್ಳುವುದಿಲ್ಲ. ಅಪ್ಪನದು 2.4ಕ್ಕೆ ಬಂದಿತ್ತು.

ಬಿಚ್ಚುವ ಮುನ್ನ ಬಯಾಸ್‌ನ ಪುಟಗಳ ಫೋಟೊ ತೆಗೆದುಕೊಂಡೆ. ಬ್ಯಾಟರಿ ತೆಗೆದಾಗ ಸೆಟ್ಟಿಂಗುಗಳು ಅಳಿಸಿಹೋಗಿ, ಸಾಟಾ ಮೋಡ್ (ಬೋರ್ಡು ಡಿಸ್ಕಿನೊಂದಿಗೆ ವ್ಯವಹರಿಸುವ ಬಗೆ) ಮೊದಲಿನಂತೆ ಇರದಿದ್ದರೆ ವಿಂಡೋಸ್ ಏಳದೇ ಹೋಗಬಹುದು, ಆಗ ಡಿಸ್ಕೇ ಕೆಟ್ಟಿತೆಂದು ಜನ ಗಾಬರಿಯಾಗುತ್ತಾರೆ. ಪ್ಲಗ್ ತೆಗೆದು, ಪವರ್ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಬದಿಯ ಕೊಂಡಿಯನ್ನು ಉಗುರಿನಿಂದ ಸರಿಸಿದರೆ ಬ್ಯಾಟರಿ ತಾನೇ ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲಿರುವಂತೆ ಕೂರಿಸಬೇಕು. ತೆಗೆದ ಬ್ಯಾಟರಿಯ ಎರಡೂ ಬದಿಗೆ ಟೇಪ್ ಸುತ್ತಿ ಕೂಡಲೇ ಎತ್ತಿಡಿ. ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಲ್ಲದು.

ಆ ರಾತ್ರಿಯೂ ಪ್ಲಗ್ ಕಿತ್ತಿಟ್ಟೆವು. ಬೆಳಿಗ್ಗೆ ಅಪ್ಪ ತಮ್ಮ ಕೈಗಡಿಯಾರ ನೋಡಿಕೊಂಡೇ ಕಂಪ್ಯೂಟರ್ ಆನ್ ಮಾಡಿದರು. ಎರಡರಲ್ಲೂ ಆರು ಗಂಟೆ ನಲವತ್ತು ನಿಮಿಷ.