ಎತ್ತಿಕೊಂಡವರ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ. ಅನಾಥಾಲಯ, ಬಾಲಮಂದಿರ, ಶಿಶುಗೃಹ, ಹೆಸರು ಯಾವುದೇ ಇರಲಿ, ಅಂಥ ಕಡೆ ಬೆಳೆದವರ ವಿಚಾರ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಆಪ್ತಸಮಾಲೋಚಕಿಯಾಗಿ ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಹೇಳಬೇಕಾದ ಮಾತು ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ತನ್ನದೆನ್ನುವ ಒಂದು ಜೀವ ಬೇಕು. ಇವತ್ತು ಎತ್ತಿಕೊಂಡವರೇ ನಾಳೆಯೂ ಎತ್ತಿಕೊಳ್ಳಬೇಕು.

ಕೆಲಸಕ್ಕೆ ಸೇರಿದ ಮೊದಲ ದಿನ ಒಂದು ಮಕ್ಕಳ ಮನೆಯ ಗೇಟು ದಾಟುತ್ತಿದ್ದಂತೆಯೇ ನಾಲ್ಕು ವರ್ಷದ ಹುಡುಗಿಯೊಬ್ಬಳು ಓಡಿಬಂದು ನನ್ನ ಕಿರುಬೆರಳು ಹಿಡಿದುಕೊಂಡಳು. "ಅಮ್ಮ" ಎಂದಳು. ಹೊರಡುವವರೆಗೂ ಬಿಡಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಮನೆಗೆ ಹೋಗಿ ಎಲ್ಲರ ಮುಂದೆ ಹೇಳಿಕೊಂಡೆ. ಮರುವಾರ ಹೋದಾಗ ಅವಳು ಕರೆಂಟಿನ ಮೀಟರು ನೋಡಲು ಬಂದವನ ಕಿರುಬೆರಳು ಹಿಡಿದು ಓಡಾಡುತ್ತಿದ್ದಳು. ನನ್ನತ್ತ ತಿರುಗಿಯೂ ನೋಡಲಿಲ್ಲ. ಅಲ್ಲಿದ್ದ ಹಿರಿಯ ಆಯಾ ಮೆಲ್ಲಗೆ ಹೇಳಿದರು: "ಅವಳಿಗೆ ಯಾರ ಬೆರಳಾದರೂ ಒಂದೇ, ಮೇಡಂ. ಯಾವುದೂ ಉಳಿಯುವುದಿಲ್ಲವಲ್ಲ."

ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಒಂದು ಮಧ್ಯಾಹ್ನ ಕಳೆಯಲು ಬಂದವರು "ಎಷ್ಟು ಅಕ್ಕರೆಯ ಮಗು, ಬಂದ ಕೂಡಲೇ ತೊಡೆಯೇರಿತು" ಎನ್ನುತ್ತಾರೆ. ಮನೆಯಲ್ಲಿ ಬೆಳೆದ ನಾಲ್ಕು ವರ್ಷದ ಮಗು ಹೊಸಬರನ್ನು ಕಂಡರೆ ತನ್ನವರ ಬೆನ್ನ ಹಿಂದೆ ಸರಿಯುತ್ತದೆ. ಸರಿಯಲು ಅದಕ್ಕೊಂದು ಬೆನ್ನಿದೆ. ಕಂಡವರ ತೊಡೆಯನ್ನೆಲ್ಲ ಏರುವ ಮಗುವಿಗೆ ಅದು ಇಲ್ಲ. ಆ ಮಗು ಹಸಿದಿದೆ. ಇದನ್ನು ಎಷ್ಟು ಸಲ ಹೇಳಿದರೂ ಜನ ಫೋಟೊ ತೆಗೆಸಿಕೊಂಡು, ಸಂತೋಷಪಟ್ಟು, ಹೊರಟುಹೋಗುತ್ತಾರೆ. ಮತ್ತೆ ಬರುವುದಿಲ್ಲ.

ಅದೇ ಹುಡುಗಿ ಇಪ್ಪತ್ತಾರು ವರ್ಷಗಳ ಮೇಲೆ ನನ್ನನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಕೆಲಸವಿತ್ತು, ಒಳ್ಳೆಯ ಗಂಡನಿದ್ದ. ಆದರೆ ಅವನು ಮನೆಗೆ ಬರುವುದು ಅರ್ಧ ಗಂಟೆ ತಡವಾದರೆ ಇವಳು ಎರಡು ಜೊತೆ ಬಟ್ಟೆಯನ್ನು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಡುತ್ತಿದ್ದಳು. ಅವನ ಹೆಜ್ಜೆ ಸದ್ದು ಕೇಳಿದೊಡನೆ ಮತ್ತೆ ಬಟ್ಟೆ ಕಪಾಟಿಗೆ. ಏಕೆಂದು ಕೇಳಿದೆ. "ಬಿಟ್ಟುಹೋದರು ಎಂದು ಗೊತ್ತಾಗುವ ಹೊತ್ತಿಗೆ ನಾನು ತಯಾರಾಗಿರಬೇಕಲ್ಲ" ಎಂದಳು. ಜೊತೆಗೆ ಒಂದು ನೋಟ್ ಪುಸ್ತಕ ತಂದಿದ್ದಳು. ಅದರ ಕೊನೆಯ ಪುಟದಲ್ಲಿ ಚಿಕ್ಕಂದಿನಲ್ಲಿ ತನ್ನನ್ನು ನೋಡಿಕೊಂಡವರ ಪಟ್ಟಿ. ಇಪ್ಪತ್ತೇಳು ಸಾಲು, ಹೆಸರಿದ್ದದ್ದು ಒಂಬತ್ತಕ್ಕೆ. ಉಳಿದವರು ಹೀಗೆ: ಗಾಜಿನ ಬಳೆಯವರು. ರಾತ್ರಿ ಕೆಮ್ಮುತ್ತಿದ್ದವರು. ತಲೆ ಬಾಚುವಾಗ ಜಗ್ಗದವರು. ಒಂದು ಸಾಲಿನಲ್ಲಿ ಬರೀ "ಬಿಸಿ ಕೈ" ಎಂದಿತ್ತು. "ಇವರಲ್ಲಿ ಒಬ್ಬರಿಗಾದರೂ ನಾನು ನೆನಪಿರಬಹುದೇ?" ಎಂದು ಕೇಳಿದಳು.

ಅವಳಿಗೆ ಊಟಕ್ಕೆ, ಬಟ್ಟೆಗೆ, ಓದಿಗೆ ಕೊರತೆಯಾಗಿರಲಿಲ್ಲ. ಆಯಾಗಳೂ ಒಳ್ಳೆಯವರೇ. ಪಾಳಿ ಬದಲಾಗುತ್ತಿತ್ತು, ಅಷ್ಟೇ. ಆ "ಅಷ್ಟೇ" ಇಪ್ಪತ್ತಾರು ವರ್ಷ ಕಳೆದರೂ ಚೀಲವಾಗಿ ಬಾಗಿಲ ಬಳಿ ಕುಳಿತಿತ್ತು.

ಇದು ಹೊಸ ಸಂಗತಿಯಲ್ಲ. 1945ರಲ್ಲಿ ರೆನೆ ಸ್ಪಿಟ್ಜ್ ಎಂಬ ವೈದ್ಯರು ಎರಡು ಕಡೆಯ ಕೂಸುಗಳನ್ನು ಹೋಲಿಸಿ ಬರೆದರು. ಒಂದು ಕಡೆ ಶುಚಿಯಾದ ಅನಾಥ ಶಿಶುಗೃಹ, ಒಬ್ಬ ದಾದಿಗೆ ಎಂಟೆಂಟು ಕೂಸು. ಇನ್ನೊಂದು ಕಡೆ ಸೆರೆಮನೆ, ಅಲ್ಲಿ ಕೈದಿ ತಾಯಂದಿರೇ ತಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಸೆರೆಮನೆಯ ಮಕ್ಕಳು ಚೆನ್ನಾಗಿ ಬೆಳೆದರು. ಶಿಶುಗೃಹದ ಮಕ್ಕಳು ಬಾಡಿದರು, ಹಲವರು ತೀರಿಕೊಂಡರು. 2000ದಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕು ಕುಟುಂಬಗಳಿಗೆ ಒಪ್ಪಿಸಿದರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಎಂಟನೆಯ ವಯಸ್ಸಿನಲ್ಲಿ ಅಳೆದು ನೋಡಿದರೆ, ಅದು ತಮ್ಮ ಮನೆಯಲ್ಲೇ ಬೆಳೆದ ಮಕ್ಕಳದ್ದರ ಹಾಗೆಯೇ ಇತ್ತು. ತಡವಾಗಿ ಮನೆ ಸೇರಿದವರು ಹಿಂದೆ ಉಳಿದರು. ಔಷಧ ಕೊಟ್ಟಿರಲಿಲ್ಲ, ಯಂತ್ರ ಕಟ್ಟಿರಲಿಲ್ಲ. ಅದೇ ಮುಖ, ಅದೇ ಕೈ, ದಿನವೂ ಸಿಕ್ಕಿತ್ತು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹದಿನೆಂಟು ತುಂಬಿದೊಡನೆ ಮಕ್ಕಳನ್ನು ಹೊರಗೆ ಕಳುಹಿಸುತ್ತಾರೆ. ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಎನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಅವರ ಮೊಬೈಲಿನಲ್ಲಿ ನಿಮ್ಮ ನಂಬರ್ ಇರಲಿ, ಮತ್ತು ಎತ್ತಿ ಮಾತನಾಡಿ. ಅಣ್ಣ ತಮ್ಮಂದಿರನ್ನು, ಅಕ್ಕ ತಂಗಿಯರನ್ನು ಬೇರೆ ಬೇರೆ ಕಡೆ ಹಾಕಬೇಡಿ. ಇನ್ನೊಂದು ಮಾತು: ಸಂಸ್ಥೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಒಬ್ಬರಾದರೂ ಬದುಕಿದ್ದಾರೆ. ಬಡತನ ಅವರನ್ನು ಬೇರೆ ಮಾಡಿದೆ. ಹೊಸ ಕಟ್ಟಡಕ್ಕೆ ಹಣ ಕೊಡುವ ಮೊದಲು ಆ ತಾಯಿಯ ಕೈಗೆ ಕೊಡುವ ದಾರಿ ಇದೆಯೇ ಎಂದು ದಯವಿಟ್ಟು ವಿಚಾರಿಸಿ.

ಆ ಹುಡುಗಿಯನ್ನು ನಾನು ನಾಲ್ಕು ವರ್ಷ, ಪ್ರತಿ ಗುರುವಾರ, ಅದೇ ಕೋಣೆಯಲ್ಲಿ, ಅದೇ ಹೊತ್ತಿಗೆ ಕಂಡೆ. ಚೀಲ ಈಗಲೂ ಇದೆ. ಆದರೆ ಅರ್ಧ ಗಂಟೆಗೆ ತುಂಬುತ್ತಿದ್ದವಳು ಈಗ ಎರಡು ಗಂಟೆ ಕಾಯುತ್ತಾಳೆ.

ಮಕ್ಕಳ ಮನೆಗಳಲ್ಲಿ ದುಡಿಯುವವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಒಂದು ಮಗುವಿನ ಸ್ನಾನವನ್ನು ದಿನವೂ ಒಬ್ಬರೇ ಮಾಡಿಸುವಂತೆ ಪಾಳಿ ಹಾಕಿಕೊಳ್ಳಿ. ಮಗುವಿನ ಫೋಟೊ ತೆಗೆಯಿರಿ, ಕಾಗದದ ಮೇಲೆ ಅಚ್ಚು ಹಾಕಿಸಿ. ಹಿಂಬದಿಯಲ್ಲಿ ತಾರೀಕಿನ ಜೊತೆಗೆ ಎತ್ತಿಕೊಂಡವರ ಹೆಸರನ್ನೂ ಬರೆಯಿರಿ. ಪೂರ್ತಿ ಹೆಸರು. ನಮಸ್ಕಾರ.